ಅದು ಲಾಟರಿ ಅಲ್ಲೋ ಅಳಿಯಾ

ಮೊನ್ನೆ ಸಂಜೆ ಅಂಗಡಿ ಶಟರ್ ಅರ್ಧ ಇಳಿಸಿದ್ದೆ, ಅಳಿಯ ಬಂದು ಕೂತ. ತಂಗಿ ಮಗ, ಇಲ್ಲೇ ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುತ್ತಾನೆ. ನಮ್ಮಿಬ್ಬರ ನಡುವೆ ಫಾರ್ಮುಲಾ ಒನ್ ಕಾರ್ ರೇಸಿನ ಮಾತು ಎಲ್ಲಿಂದಲೇ ಶುರುವಾಗಲಿ, ಹೋಗಿ ನಿಲ್ಲುವುದು ಒಂದೇ ಕಡೆ. 2024ರ ನವೆಂಬರ್ 3, ಬ್ರೆಜಿಲ್‌ನ ಇಂಟರ್‌ಲಾಗೋಸ್. ಮ್ಯಾಕ್ಸ್ ವರ್ಸ್ಟಾಪನ್ 17ನೇ ಸ್ಥಾನದಿಂದ ಹೊರಟು ಗೆದ್ದ ರೇಸು.

"ಲಾಟರಿ ಹೊಡೀತು ಮಾಮಾ ಅವಂಗ. ಕೆಂಪು ಬಾವುಟಾ ಬರಲಿಲ್ಲಂದ್ರ ಅವ ಎಲ್ಲಿರ್ತಿದ್ದ ಹೇಳ್ರಿ?"

ಕೆಂಪು ಬಾವುಟ ಅಂದರೆ ಓಟ ನಿಲ್ಲಿಸಿ ಅನ್ನುವ ಸೂಚನೆ. ತಮಾಷೆ ಏನಂದರೆ ನಾವಿಬ್ಬರೂ ಆ ವರ್ಷ ಪಟ್ಟಕ್ಕೆ ಮ್ಯಾಕ್ಸ್ ಜೊತೆ ಪೈಪೋಟಿಯಲ್ಲಿದ್ದ ಲ್ಯಾಂಡೊ ನಾರಿಸ್ ಕಡೆಯವರು. ಅವತ್ತು ಹೊಟ್ಟೆ ಉರಿದದ್ದು ಇಬ್ಬರಿಗೂ. ಆದರೂ ಈ ಲಾಟರಿ ಮಾತು ಕೇಳಿದಾಗೆಲ್ಲ ನನಗೆ ಸುಮ್ನೆ ಇರಲು ಆಗುವುದಿಲ್ಲ. ಗಬ್ಬೂರು ಬೈಪಾಸ್ ಹತ್ತಿರ ಟೈರ್ ಅಂಗಡಿ ಇಟ್ಟು ಹದಿನೆಂಟು ವರ್ಷ ಆಯಿತು. ರೇಸ್ ಬಗ್ಗೆ ನನಗೆ ಗೊತ್ತಿರುವುದು ಫೋನಿನಲ್ಲಿ ನೋಡಿದ್ದಷ್ಟೇ. ಮಳೆಯಲ್ಲಿ ಟೈರ್ ಏನು ಮಾಡುತ್ತದೆ ಅನ್ನುವುದನ್ನು ಮಾತ್ರ ಕೈಯಿಂದ ಮುಟ್ಟಿ ಕಲಿತಿದ್ದೇನೆ. ಅಳಿಯನ ಮುಂದೆ ಮಾತು ಪೂರ್ತಿ ಆಗಲಿಲ್ಲ, ಇಲ್ಲಿ ಬರೆಯುತ್ತೇನೆ. ಉದ್ದ ಆಗುತ್ತದೆ, ಪುರುಸೊತ್ತು ಇದ್ದರೆ ಓದಿ.

ಆ ವಾರ ದೀಪಾವಳಿ. ಶನಿವಾರ ಪಾಡ್ಯ. ಅವ್ವ ಬಾಗಿಲಲ್ಲಿ ಸಗಣಿಯ ಪಾಂಡವರನ್ನು ಕೂರಿಸಿದ್ದಳು. ಅಂಗಡಿಗೆ ರಜೆ. ಸಂಜೆ ಏಳೂವರೆಗೆ ಸ್ಪ್ರಿಂಟ್, ಅಂದರೆ ಚಿಕ್ಕ ರೇಸ್ ಇತ್ತು, ಅದನ್ನು ನಾರಿಸ್ ಗೆದ್ದ. ಪಟ್ಟದ ಲೆಕ್ಕದಲ್ಲಿ ಮುಂದಿದ್ದ ಮ್ಯಾಕ್ಸ್‌ಗೂ ಅವನಿಗೂ ಇದ್ದ ಅಂತರ 47 ಅಂಕದಿಂದ 44ಕ್ಕೆ ಇಳಿಯಿತು. ಅಳಿಯನೂ ನಾನೂ ಮನಸ್ಸಿನಲ್ಲೇ ಲೆಕ್ಕ ಹಾಕತೊಡಗಿದೆವು, ಇನ್ನು ಎಷ್ಟು ರೇಸ್, ಎಷ್ಟು ಅಂಕ ಅಂತ. ನಮ್ಮ ಕಾಲಮಾನದಲ್ಲಿ ರಾತ್ರಿ ಹನ್ನೊಂದೂವರೆಗೆ ಕ್ವಾಲಿಫೈಯಿಂಗ್, ಅಂದರೆ ರೇಸಿನಲ್ಲಿ ಯಾರು ಎಷ್ಟನೇ ಸ್ಥಾನದಿಂದ ಹೊರಡಬೇಕು ಅಂತ ತೀರ್ಮಾನಿಸುವ ಓಟ. ಅಷ್ಟೊತ್ತಿಗೆ ಅಲ್ಲಿ ಮಳೆ ಹಿಡಿಯಿತು. ಹಿಡಿಯಿತು ಅಂದರೆ ನಮ್ಮ ಶ್ರಾವಣದ ಜಿಟಿಜಿಟಿ ಅಲ್ಲ, ಕೊಡ ಬೋರಲು ಹಾಕಿದ ಹಾಗೆ. ಮಧ್ಯರಾತ್ರಿ ದಾಟಿದರೂ ನಾವಿಬ್ಬರೂ ಫ್ಯಾನ್‌ಕೋಡ್ ಆ್ಯಪ್‌ನಲ್ಲಿ ಖಾಲಿ ಟ್ರ್ಯಾಕಿನ ಮೇಲೆ ಮಳೆ ಬೀಳುವುದನ್ನೇ ನೋಡುತ್ತ ಕೂತಿದ್ದೆವು. ಕೊನೆಗೆ ಇವತ್ತು ಇಲ್ಲ, ನಾಳೆ ಬೆಳಿಗ್ಗೆ ಅಂದರು.

ಹಾಗಾಗಿ ಭಾನುವಾರ ಒಂದೇ ದಿನದಲ್ಲಿ ಎರಡೂ. ನಮಗೆ ಸಂಜೆ ನಾಲ್ಕಕ್ಕೆ ಕ್ವಾಲಿಫೈಯಿಂಗ್, ರಾತ್ರಿ ಒಂಬತ್ತಕ್ಕೆ ರೇಸ್.

ಲಾಟರಿ ಅನ್ನುವವರು ಸಂಜೆ ನಾಲ್ಕರ ಆ ಕ್ವಾಲಿಫೈಯಿಂಗ್ ಕಥೆಯನ್ನು ಮರೆಯುತ್ತಾರೆ. ನನ್ನ ಜಗಳ ಇರುವುದೇ ಅಲ್ಲಿ.

ಕ್ವಾಲಿಫೈಯಿಂಗ್‌ನಲ್ಲಿ ಐದು ಸಲ ಕೆಂಪು ಬಾವುಟ ಬಂತು. ಕೊಲಪಿಂಟೊ, ಸೈನ್ಜ್, ಸ್ಟ್ರೋಲ್, ಅಲೊನ್ಸೊ, ಆಲ್ಬನ್, ಒಬ್ಬರಾದ ಮೇಲೆ ಒಬ್ಬರು ಗೋಡೆಗೆ. ಗೊತ್ತಿಲ್ಲದವರಿಗೆ ಹೇಳುವುದಾದರೆ ಕ್ವಾಲಿಫೈಯಿಂಗ್‌ನಲ್ಲಿ ಮೂರು ಸುತ್ತು. ಆ ವರ್ಷದ ನಿಯಮದಂತೆ ಮೊದಲ ಸುತ್ತಿನಲ್ಲಿ ಕೊನೆಯ ಐವರು ಹೊರಗೆ, ಎರಡನೆಯದರಲ್ಲಿ ಮತ್ತೆ ಐವರು, ಉಳಿದ ಹತ್ತು ಜನ ಮೊದಲ ಸ್ಥಾನಕ್ಕೆ ಹೊಡೆದಾಡುತ್ತಿದ್ದರು. ಮಳೆಯಲ್ಲಿ ಟ್ರ್ಯಾಕ್ ನಿಮಿಷ ನಿಮಿಷಕ್ಕೂ ಬದಲಾಗುವುದರಿಂದ ಸುತ್ತಿನ ಕೊನೆಯ ಲ್ಯಾಪೇ (ಟ್ರ್ಯಾಕನ್ನು ಒಂದು ಸಲ ಪೂರ್ತಿ ಸುತ್ತುವುದು) ಎಲ್ಲರಿಗೂ ಮುಖ್ಯ. ಎರಡನೇ ಸುತ್ತಿನಲ್ಲಿ ಮ್ಯಾಕ್ಸ್ ಆ ಕೊನೆಯ ಲ್ಯಾಪಿಗೆ ಕಾಯುತ್ತಿದ್ದ. ಸಮಯ ಮುಗಿಯುತ್ತ ಬಂದಾಗ ಸ್ಟ್ರೋಲ್ ಹೋಗಿ ಗುದ್ದಿದ. ಕೆಂಪು ಬಾವುಟ ಬರುವುದೂ ತಡವಾಯಿತು. ಉಳಿದ ಸೆಕೆಂಡುಗಳಲ್ಲಿ ಇನ್ನೊಂದು ಲ್ಯಾಪ್ ಆಗುವ ಮಾತೇ ಇರಲಿಲ್ಲ. ಮ್ಯಾಕ್ಸ್ 12ನೆಯವನಾಗಿ ಹೊರಬಿದ್ದ. ಹೊಸ ಎಂಜಿನ್ ಹಾಕಿದ್ದಕ್ಕೆ ಐದು ಸ್ಥಾನದ ದಂಡ ಮೊದಲೇ ಇತ್ತು. ಹನ್ನೆರಡು, ಐದು, ಹದಿನೇಳು.

ನಾರಿಸ್ 1 ನಿಮಿಷ 23.405 ಸೆಕೆಂಡಿನಲ್ಲಿ ಪೋಲ್, ಅಂದರೆ ಮೊದಲ ಸ್ಥಾನ ಹಿಡಿದ. ಪಕ್ಕದಲ್ಲಿ ರಸೆಲ್, ಹಿಂದೆ ಸುನೋಡ, ಓಕಾನ್. ಅಳಿಯ ಸೋಫಾದಿಂದ ಹಾರಿ ನಿಂತ. "ಮುಗೀತ್ ಮಾಮಾ, ಮ್ಯಾಕ್ಸ್ ಕಥೀ ಮುಗೀತ್." ಅವ್ವ ಒಳಗಿಂದ "ಯಾರೋ ಅವ, ಏನಾತೋ ಅವಂಗ?" ಅಂತ ಗಾಬರಿಯಾಗಿ ಕೇಳಿದಳು.

ಈಗ ನೀವೇ ಹೇಳಿ. ಸಂಜೆ ಕೆಂಪು ಬಾವುಟ ಅವನ ಕೈಯಿಂದ ಕಸಿದುಕೊಂಡಾಗ ಯಾರೂ ಲಾಟರಿ ಅನ್ನಲಿಲ್ಲ. ರಾತ್ರಿ ಅದೇ ಬಾವುಟ ಸ್ವಲ್ಪ ವಾಪಸ್ ಕೊಟ್ಟ ಕೂಡಲೇ ಲಾಟರಿ ಆಗಿಬಿಟ್ಟಿತಾ?

ಇನ್ನು ಟೈರ್ ವಿಷಯ. ಫಾರ್ಮುಲಾ ಒನ್‌ನಲ್ಲಿ ಮಳೆಗೆ ಎರಡು ಥರ ಟೈರ್. ಹಸಿರು ಪಟ್ಟಿಯದು ಇಂಟರ್‌ಮೀಡಿಯೆಟ್, ನೀಲಿ ಪಟ್ಟಿಯದು ಪೂರ್ತಿ ಮಳೆ ಟೈರ್. ಗಂಟೆಗೆ 300 ಕಿ.ಮೀ. ವೇಗದಲ್ಲಿ ಒಂದು ಇಂಟರ್‌ಮೀಡಿಯೆಟ್ ಟೈರ್ ಸೆಕೆಂಡಿಗೆ 30 ಲೀಟರ್‌ನಷ್ಟು ನೀರು ಹೊರಗೆ ಎಸೆಯುತ್ತದೆ, ನೀಲಿಯದು 85 ಲೀಟರ್‌ನಷ್ಟು. ಮೂವತ್ತು ಲೀಟರ್ ಅಂದರೆ ನಮ್ಮ ಮನೆಯ ಎರಡು ಕೊಡ. ಸೆಕೆಂಡಿಗೆ, ಅದೂ ಒಂದೇ ಟೈರ್! ನಲ್ಲಿ ನೀರು ಯಾವತ್ತು ಬರುತ್ತದೆ ಅಂತ ದಿನ ಎಣಿಸುವ ನಮಗೆ ಇದನ್ನು ಕೇಳಿದರೆ ಬೇರೆಯೇ ಸಂಕಟ. ಹಾಗಾದರೆ ಎಲ್ಲರೂ ನೀಲಿಯದನ್ನೇ ಹಾಕಬಹುದಲ್ಲ ಅಂತೀರಾ? ನೀರು ಕಡಿಮೆಯಾದ ಕೂಡಲೇ ಅದು ನಿಧಾನವಾಗುತ್ತದೆ, ಬಿಸಿಯಾಗಿ ಹಾಳಾಗುತ್ತದೆ. ಅದು ನಿಜವಾಗಿ ಬೇಕಾಗುವಷ್ಟು ಮಳೆ ಬಂದರೆ ಮುಂದಿನ ಕಾರಿನ ತುಂತುರಿನಲ್ಲಿ ಹಿಂದಿನವನಿಗೆ ಏನೂ ಕಾಣುವುದಿಲ್ಲ, ರೇಸನ್ನೇ ನಿಲ್ಲಿಸುತ್ತಾರೆ. ಹೀಗಾಗಿ ಪಾಪ ನೀಲಿ ಟೈರು ಜಾಸ್ತಿ ಹೊತ್ತು ಗ್ಯಾರೇಜಿನಲ್ಲೇ ಇರುತ್ತದೆ.

ನೀರು ಎಸೆಯಲಾಗದ ಟೈರ್ ಏನು ಮಾಡುತ್ತದೆ ಅನ್ನುವುದು ನನಗೆ ಚೆನ್ನಾಗಿ ಗೊತ್ತು. ಒಂದು ಜುಲೈ ತಿಂಗಳು ಧಾರವಾಡದಿಂದ ಬೈಪಾಸ್‌ನಲ್ಲಿ ಬರುತ್ತಿದ್ದೆ. ಟೈರ್ ಮಾರುವವನ ಕಾರಿನ ಟೈರೇ ನುಣ್ಣಗಾಗಿತ್ತು, ನಗಬೇಡಿ. ನಾಳೆ ಹಾಕಿದರಾಯಿತು, ನಾಡಿದ್ದು ಹಾಕಿದರಾಯಿತು ಅಂತ ತಿಂಗಳು ತಳ್ಳಿದ್ದೆ. ಒಂದು ಕಡೆ ನೀರು ನಿಂತಿತ್ತು, ಅಬ್ಬಬ್ಬಾ ಅಂದರೆ ಎರಡು ಬೆರಳು ಆಳ. ಕಾರು ಅದರೊಳಗೆ ಹೋದದ್ದೇ ತಡ, ಸ್ಟೀರಿಂಗ್ ಹಗುರಾಯಿತು. ಹತ್ತಿ ಹಿಡಿದ ಹಾಗೆ. ಎಡಕ್ಕೆ ತಿರುಗಿಸಿದೆ, ಕಾರು ನೇರ ಹೋಯಿತು. ಟಯರಿನ ಸದ್ದೂ ನಿಂತುಹೋಗಿತ್ತು, ಅದೇ ಜಾಸ್ತಿ ಹೆದರಿಸಿದ್ದು. ಎದುರಿಗೆ ಲಾರಿಯ ಲೈಟು. ಬ್ರೇಕ್ ಒತ್ತಬಾರದು ಅಂತ ತಲೆಗೆ ಗೊತ್ತು, ಕಾಲು ಕೇಳಬೇಕಲ್ಲ. ಹೇಗೋ ಕಾಲು ತೆಗೆದೆ. ಎರಡು ಸೆಕೆಂಡಿನ ಮೇಲೆ ಟೈರ್ ಮತ್ತೆ ನೆಲ ಕಚ್ಚಿತು. ಮನೆಗೆ ಬಂದು ಯಾರಿಗೂ ಹೇಳಲಿಲ್ಲ. ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ನನ್ನ ಕಾರಿಗೇ ನಾಲ್ಕೂ ಟೈರ್ ಹಾಕಿಸಿದೆ.

ನಾನು ಹೋಗುತ್ತಿದ್ದದ್ದು ಅರವತ್ತರಲ್ಲಿ. ಅವರು ಮುನ್ನೂರರ ಹತ್ತಿರ. ಇಂಟರ್‌ಲಾಗೋಸ್ ಮೊದಲಿನಿಂದಲೂ ಮಳೆಗೆ ಕೆಟ್ಟ ಜಾಗ. ದಿಬ್ಬ, ಇಳಿಜಾರು, ಮೇಲಿನ ನೀರು ಟ್ರ್ಯಾಕಿಗೆ ಅಡ್ಡ ಹರಿಯುತ್ತದೆ. 2003ರಲ್ಲಿ ಮೂರನೇ ತಿರುವಿನಲ್ಲಿ ಹಳ್ಳದ ಹಾಗೆ ನೀರು ಹರಿದು ಶೂಮಾಕರ್ ಸೇರಿ ಒಬ್ಬೊಬ್ಬರೇ ಅಲ್ಲಿಯೇ ಜಾರಿದ್ದರು. ಅದೇ ಟ್ರ್ಯಾಕಿನಲ್ಲಿ 2016ರ ಮಳೆಯಲ್ಲಿ ಹತ್ತೊಂಬತ್ತು ವರ್ಷದ ಮ್ಯಾಕ್ಸ್ ಹಿಂದಿನಿಂದ ಬಂದು ಮೂರನೆಯವನಾದ. ಎಲ್ಲರೂ ಒಣ ದಿನದ ಸಾಲಿನಲ್ಲೇ ಓಡಿಸುತ್ತಿದ್ದರೆ ಅವನು ಹೊರಗಿನ ಅಂಚಿಗೆ ಹೋಗಿ ಹಿಡಿತ ಹುಡುಕಿದ. ಒಣ ದಿನದ ಸಾಲಿನಲ್ಲಿ ಟೈರಿನ ರಬ್ಬರ್ ಮೆತ್ತಿಕೊಂಡಿರುತ್ತದೆ, ನೀರು ಬಿದ್ದರೆ ಅದೇ ಜಾರುತ್ತದೆ. ಮೊದಲ ಮಳೆ ಬಿದ್ದಾಗ ನಮ್ಮ ಸಿಗ್ನಲ್‌ಗಳಲ್ಲಿ ಬೈಕಿನವರು ಬೀಳುವುದು ಎಣ್ಣೆ ಬಿದ್ದ ಜಾಗದಲ್ಲೇ ಅಲ್ವಾ? ಹಾಗೇ.

ರಾತ್ರಿ ಒಂಬತ್ತು. ಆಲ್ಬನ್ ಕಾರು ರಿಪೇರಿ ಆಗಲಿಲ್ಲ, ಅವನು ಬರಲೇ ಇಲ್ಲ. ಸ್ಟ್ರೋಲ್ ಅಂತೂ ರೇಸ್ ಶುರುವಾಗುವ ಮೊದಲಿನ ಸುತ್ತಿನಲ್ಲೇ ತಿರುಗಿ ನಿಂತ. ವಾಪಸ್ ಬರಲು ದಾರಿ ಇದ್ದರೂ ಹೋಗಿ ಜಲ್ಲಿಯಲ್ಲಿ ಸಿಕ್ಕಿಕೊಂಡ. ಅಳಿಯ ಬಿದ್ದು ಬಿದ್ದು ನಕ್ಕ. ಗೊಂದಲದಲ್ಲಿ ನಾರಿಸ್, ರಸೆಲ್ ಹೇಳುವ ಮೊದಲೇ ಹೊರಟುಬಿಟ್ಟರು, ಆಮೇಲೆ ದಂಡ ಕಟ್ಟಿದರು.

ನಿಜವಾದ ಸ್ಟಾರ್ಟ್‌ನಲ್ಲಿ ಮೊದಲ ತಿರುವಿನಲ್ಲೇ ರಸೆಲ್ ನಾರಿಸ್‌ನನ್ನು ದಾಟಿದ. ಅಳಿಯನ ಮುಖ ಬಾಡಿತು. ನಾನು ಮಾತ್ರ ಹಿಂದೆ ನೋಡುತ್ತಿದ್ದೆ. ಮ್ಯಾಕ್ಸ್ ಒಬ್ಬೊಬ್ಬರನ್ನೇ ದಾಟುತ್ತಿದ್ದ, ಹೆಚ್ಚಾಗಿ ಮೊದಲ ತಿರುವಿನಲ್ಲಿ. ಎಲ್ಲರೂ ಬ್ರೇಕ್ ಹಿಡಿದ ಮೇಲೂ ಅವನು ಹಿಡಿಯುತ್ತಿರಲಿಲ್ಲ. ಒಳಗಿನಿಂದ ನುಗ್ಗಿ, ಕಾರು ಜಾರದ ಹಾಗೆ ತಿರುಗಿಸುತ್ತಿದ್ದ. ಹತ್ತು ಹನ್ನೆರಡು ಲ್ಯಾಪ್ ಆಗುವಷ್ಟರಲ್ಲಿ ಆರನೇ ಸ್ಥಾನ. ಆಗ ಯಾವ ಕೆಂಪು ಬಾವುಟವೂ ಇರಲಿಲ್ಲ, ನೆನಪಿರಲಿ.

ಆಮೇಲೆ ಬಂತು ಆ ಹತ್ತು ನಿಮಿಷ. ಹುಲ್ಕೆನ್‌ಬರ್ಗ್ ಜಾರಿ ನಿಂತ, ವರ್ಚುವಲ್ ಸೇಫ್ಟಿ ಕಾರ್, ಅಂದರೆ ಎಲ್ಲರೂ ನಿಧಾನ ಹೋಗಿ ಅನ್ನುವ ಸೂಚನೆ ಬಂತು. ಮಳೆ ಜೋರಾಗುತ್ತಿತ್ತು. ಮುಂದಿದ್ದ ರಸೆಲ್ ರೇಡಿಯೋದಲ್ಲಿ ಹೊರಗೇ ಇರೋಣ ಅನ್ನುತ್ತಿದ್ದ, ತಂಡ ಟೈರ್ ಬದಲಿಸಲು ಒಳಗೆ ಕರೆಯಿತು. ನಾರಿಸ್ ಕೂಡ ಒಳಗೆ ಹೋಗಿ ಹೊಸ ಇಂಟರ್‌ಮೀಡಿಯೆಟ್ ಹಾಕಿಸಿಕೊಂಡ. ಸುನೋಡ ನೀಲಿಯದನ್ನೇ ಹಾಕಿಸಿಕೊಂಡ. ಓಕಾನ್, ಮ್ಯಾಕ್ಸ್, ಗ್ಯಾಸ್ಲಿ ಮೂವರು ಮಾತ್ರ ಸವೆದ ಟೈರಿನಲ್ಲೇ ಹೊರಗೆ ಉಳಿದರು. ಹೀಗೆ ಅವರೇ ಮುಂದೆ ಬಂದರು. ಆಮೇಲೆ ಸೇಫ್ಟಿ ಕಾರ್. ಅದರ ಹಿಂದೆ ನಿಧಾನವಾಗಿ ಹೋಗುವಾಗಲೇ ಕೊಲಪಿಂಟೊ ಗೋಡೆಗೆ ಹೊಡೆದ. ಕೆಂಪು ಬಾವುಟ. ನಿಯಮದ ಪ್ರಕಾರ ರೇಸ್ ನಿಂತಾಗ ಯಾರು ಬೇಕಾದರೂ ಟೈರ್ ಬದಲಿಸಬಹುದು, ಪುಕ್ಕಟೆ. ನಾರಿಸ್ ಸ್ಥಾನ ಕಳೆದುಕೊಂಡು ಮಾಡಿದ್ದನ್ನು ಈ ಮೂವರು ಕಾರು ನಿಲ್ಲಿಸಿಕೊಂಡು ಮಾಡಿದರು.

ಇಲ್ಲಿಗೆ ಬಂದಾಗ ಅಳಿಯ ಮೇಜು ಕುಟ್ಟುತ್ತಾನೆ. "ಇದ್ಯಾವ ನ್ಯಾಯ ಮಾಮಾ?" ಒಪ್ಪುತ್ತೇನೆ, ನಾರಿಸ್‌ಗೆ ಅನ್ಯಾಯವೇ ಆಯಿತು. ಆದರೆ ಆ ಹೊತ್ತಿನಲ್ಲಿ ಸವೆದ ಇಂಟರ್‌ಮೀಡಿಯೆಟ್ ಮೇಲೆ ಹೊರಗೆ ಉಳಿಯುವುದು ಅಂದರೆ ಏನು? ನನ್ನ ಅಂಗಡಿಗೆ ದಿನಾ ಬರುತ್ತಾರೆ, ರೀಸೋಲ್ ಹಾಕಿಸಿದ ಟೈರ್ ಮತ್ತೆ ನುಣ್ಣಗಾಗಿದ್ದರೂ "ಇನ್ನೊಂದ್ ಟ್ರಿಪ್ ನಡೀತೈತಿ ಬಿಡ್ರಿ" ಅನ್ನುವವರು. ಅವರದು ಹುಚ್ಚು ಧೈರ್ಯ, ನಾನು ಬೈದು ಕಳಿಸುತ್ತೇನೆ. ಈ ಮೂವರ ಲೆಕ್ಕ ಬೇರೆ. ಇಷ್ಟು ಮಳೆಯಲ್ಲಿ ಯಾರಾದರೂ ಗುದ್ದಿಯೇ ಗುದ್ದುತ್ತಾರೆ, ಅಲ್ಲಿಯವರೆಗೆ ನಾನು ಗುದ್ದಬಾರದು. ಕೊನೆಯ ಮಾತೇ ಕಷ್ಟದ್ದು. ಅವತ್ತು ಅದನ್ನು ಮಾಡಲಾಗದವರು ಎಷ್ಟು ಜನ ಅಂತ ಬೇಕಾದರೆ ಎಣಿಸಿ.

ಲಾಟರಿ ಸಿಕ್ಕಿದ್ದು ಮೂವರಿಗೆ, ಒಬ್ಬನಿಗಲ್ಲ. ಮತ್ತೆ ಶುರುವಾದಾಗ ಮುಂದೆ ಇದ್ದವನು ಓಕಾನ್. ಎಲ್ಲರಿಗೂ ಹೊಸ ಟೈರ್, ಎಲ್ಲರಿಗೂ ಅದೇ ಮಳೆ. ಸೈನ್ಜ್ ಗುದ್ದಿ ಮತ್ತೆ ಸೇಫ್ಟಿ ಕಾರ್. 43ನೇ ಲ್ಯಾಪ್‌ನಲ್ಲಿ ಅದು ಹೊರಗೆ ಹೋದ ಕೂಡಲೇ ಮೊದಲ ತಿರುವಿನಲ್ಲಿ ಮ್ಯಾಕ್ಸ್ ಓಕಾನ್‌ನನ್ನು ಒಳಗಿನಿಂದ ದಾಟಿದ. ಅದೇ ತಿರುವಿನಲ್ಲಿ, ಅದೇ ಕ್ಷಣದಲ್ಲಿ ನಾರಿಸ್ ಟ್ರ್ಯಾಕಿನ ಹೊರಗೆ ಹೋಗಿ ಏಳನೇ ಸ್ಥಾನಕ್ಕೆ ಬಿದ್ದ. ಯಾವ ಬಾವುಟವೂ ಅವನನ್ನು ತಳ್ಳಲಿಲ್ಲ. ನಾನು ಮಾತಾಡಲಿಲ್ಲ, ಅಳಿಯನೂ ಇಲ್ಲ. ಮಿರ್ಚಿ ತಟ್ಟೆ ತಣ್ಣಗಾಗಿ ಹೋಗಿತ್ತು.

ಅಲ್ಲಿಂದ 69ನೇ ಲ್ಯಾಪ್‌ನ ಮುಕ್ತಾಯದ ಬಾವುಟದವರೆಗೆ ಮ್ಯಾಕ್ಸ್ ಓಕಾನ್‌ಗಿಂತ 19.477 ಸೆಕೆಂಡು ಮುಂದೆ ಹೋದ. ಇಪ್ಪತ್ತಾರು ಇಪ್ಪತ್ತೇಳು ಲ್ಯಾಪ್‌ನಲ್ಲಿ! ಲ್ಯಾಪಿಗೆ ಮುಕ್ಕಾಲು ಸೆಕೆಂಡು ಆಸುಪಾಸು. ಅತಿ ವೇಗದ ಲ್ಯಾಪೂ ಅವನದೇ. ಓಕಾನ್ ಎರಡು, ಗ್ಯಾಸ್ಲಿ ಮೂರು, ಅವರಿಬ್ಬರ ಆಲ್ಪೀನ್ ತಂಡ ಒಂದೇ ರಾತ್ರಿಯಲ್ಲಿ ಒಂಬತ್ತರಿಂದ ಆರನೇ ಸ್ಥಾನಕ್ಕೆ. ನಾರಿಸ್ ಆರನೆಯವನು. ಅಂತರ 44ರಿಂದ 62ಕ್ಕೆ. ಮೂರು ವಾರದಲ್ಲಿ ಲಾಸ್ ವೇಗಸ್‌ನಲ್ಲಿ ಮ್ಯಾಕ್ಸ್‌ಗೆ ನಾಲ್ಕನೇ ಪಟ್ಟ. 17ರಿಂದ ಗೆದ್ದದ್ದು ಅವನೇ ಮೊದಲಿಗನಲ್ಲ, 2005ರಲ್ಲಿ ಸುಜುಕಾದಲ್ಲಿ ರೈಕೊನೆನ್ ಗೆದ್ದಿದ್ದ. 1983ರಲ್ಲಿ ಲಾಂಗ್ ಬೀಚ್‌ನಲ್ಲಿ ಜಾನ್ ವಾಟ್ಸನ್ 22ರಿಂದ ಗೆದ್ದ. ಆ ದಾಖಲೆ ಇನ್ನೂ ಹಾಗೇ ಇದೆ.

ನಿಯಮದ ಬಗ್ಗೆ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಒಣ ರೇಸಿನಲ್ಲಿ ಕೆಂಪು ಬಾವುಟ ಬಂದರೆ ಪುಕ್ಕಟೆ ಟೈರ್ ಬದಲಾವಣೆ ಬೇಡ. ಪಂಕ್ಚರ್ ಆಗಿದ್ದರೆ, ಕೊಯ್ದಿದ್ದರೆ ಸರಿ, ಉಳಿದವರು ಇದ್ದದ್ದರಲ್ಲೇ ಹೋಗಲಿ. ಮಳೆಯಲ್ಲಿ ಮಾತ್ರ ಈ ನಿಯಮ ಇರಲೇಬೇಕು. ಸವೆದ ಟೈರಿನಲ್ಲಿ ಮತ್ತೆ ಆ ನೀರಿಗೆ ಕಳಿಸುವುದು ನ್ಯಾಯದ ಪ್ರಶ್ನೆ ಅಲ್ಲ, ಜೀವದ ಪ್ರಶ್ನೆ. ಬೈಪಾಸ್‌ನ ಆ ಎರಡು ಸೆಕೆಂಡು ನೋಡಿದವನಿಗೆ ಇದರಲ್ಲಿ ಎರಡು ಮಾತಿಲ್ಲ.

ಇಷ್ಟನ್ನೂ ಮೊನ್ನೆ ಅಳಿಯನಿಗೆ ಹೇಳಿದೆ. "ನೀವು ಟೈರ್ ಮಾರೋರು, ಹೊಸಾ ಟೈರ್ ಹಾಕ್ಸಬೇಕಂತಲೇ ಹೇಳ್ತೀರಿ" ಅಂದ. ನಾಳೆ ಸಂಜೆ ಲ್ಯಾಪ್‌ಟಾಪ್ ತರುತ್ತಾನಂತೆ, 28ನೇ ಲ್ಯಾಪ್‌ನಿಂದ ಮತ್ತೆ ನೋಡೋಣ ಅಂದಿದ್ದಾನೆ. ಬರಲಿ. ಈ ಸಲ ಮಿರ್ಚಿ ಖರ್ಚು ಅವನದೇ.