ಸಹಿಸಿಕೊ ಎನ್ನುವವರಿಗೆ

ರಾತ್ರಿ ಮೂರು ಗಂಟೆ. ಎದೆಯಲ್ಲಿ ಹೊತ್ತಿದ ಬಿಸಿ ಕುತ್ತಿಗೆ, ಕೆನ್ನೆ, ಕಿವಿಯವರೆಗೆ ಏರುತ್ತದೆ. ಎರಡೇ ನಿಮಿಷದಲ್ಲಿ ಬೆನ್ನಿನ ಬಟ್ಟೆಯೆಲ್ಲ ತೊಯ್ದು ಹೋಗುತ್ತದೆ. ಹೊದಿಕೆ ಕಿತ್ತೆಸೆದು, ದಿಂಬು ಮಗುಚಿ, ಅದರ ತಣ್ಣನೆಯ ಮಗ್ಗುಲಿಗೆ ಕೆನ್ನೆ ಒತ್ತಿ ಮಲಗಿದರೆ ಸ್ವಲ್ಪ ಹೊತ್ತಿಗೆ ಚಳಿ. ಮತ್ತೆ ಕತ್ತಲೆಯಲ್ಲಿ ಅದೇ ಹೊದಿಕೆಗಾಗಿ ತಡಕಾಟ. ಮುಟ್ಟು ನಿಲ್ಲುವ ಕಾಲದಲ್ಲಿ ಎರಡು ವರ್ಷ ನನ್ನ ರಾತ್ರಿಗಳು ಹೀಗೇ ಕಳೆದವು. ಹೇಳಿಕೊಂಡಾಗಲೆಲ್ಲ ಸಿಕ್ಕಿದ್ದು ಒಂದೇ ಮಾತು: "ಎಲ್ಲ ಹೆಂಗಸರಿಗೂ ಆಗುವುದೇ, ಸಹಿಸಿಕೊ."

ವಯಸ್ಸಾದಂತೆ ಕಣ್ಣು ಮಂಜಾಗುವುದೂ ಎಲ್ಲರಿಗೂ ಆಗುವುದೇ. ಕನ್ನಡಕ ಹಾಕಿಕೊಳ್ಳುವವರಿಗೆ ಯಾರಾದರೂ ಸಹಿಸಿಕೊ ಎನ್ನುತ್ತಾರೆಯೇ? ಮುಟ್ಟು ನಿಲ್ಲುವ ಹೊತ್ತಿಗೆ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನ್ ಇಳಿದಾಗ ಮೈಯ ಬಿಸಿಯನ್ನು ಹದದಲ್ಲಿಡುವ ಮಿದುಳಿನ ಭಾಗ ತುಸು ಏರಿಕೆಗೂ ಬೆದರಿ ಬೆವರು ಹರಿಸುತ್ತದೆ. ಇದು ದೇಹದ ವಿಚಾರ, ಮನಸ್ಸು ಗಟ್ಟಿಯಿಲ್ಲದ್ದರ ಲಕ್ಷಣವಲ್ಲ.

ಇಳಿದ ಈಸ್ಟ್ರೋಜನ್ ಅನ್ನು ಔಷಧವಾಗಿ ಕೊಡುವ ಹಾರ್ಮೋನ್ ಚಿಕಿತ್ಸೆ ಎಂದೊಡನೆ ಕ್ಯಾನ್ಸರ್ ಭಯ ಮುಂದೆ ಬರುತ್ತದೆ. 2002ರಲ್ಲಿ ಅಮೆರಿಕದ ದೊಡ್ಡ ಅಧ್ಯಯನವೊಂದು ಸ್ತನ ಕ್ಯಾನ್ಸರ್ ಅಪಾಯದ ಕಾರಣಕ್ಕೆ ಅರ್ಧಕ್ಕೇ ನಿಂತ ಸುದ್ದಿ ಎಲ್ಲೆಡೆ ಹರಡಿತು. ಅದರಲ್ಲಿದ್ದ ಮಹಿಳೆಯರ ಸರಾಸರಿ ವಯಸ್ಸು 63 ಎಂಬುದು ಮಾತ್ರ ಅಷ್ಟಾಗಿ ಹರಡಲಿಲ್ಲ! 60 ದಾಟದ, ಮುಟ್ಟು ನಿಂತು 10 ವರ್ಷವಾಗದ ಆರೋಗ್ಯವಂತರಲ್ಲಿ ಹೆಚ್ಚಿನವರಿಗೆ ಅಪಾಯಕ್ಕಿಂತ ಪ್ರಯೋಜನವೇ ಹೆಚ್ಚು ಎನ್ನುವುದು ಇಂದಿನ ತಜ್ಞರ ನಿಲುವು. ಗರ್ಭಕೋಶ ಇರುವವರು ಈಸ್ಟ್ರೋಜನ್ ಜೊತೆ ಪ್ರೊಜೆಸ್ಟರಾನ್ (ಇನ್ನೊಂದು ಹೆಣ್ಣು ಹಾರ್ಮೋನ್) ಬಗೆಯ ಔಷಧವನ್ನೂ ತೆಗೆದುಕೊಳ್ಳಬೇಕು. ಸ್ತನ ಕ್ಯಾನ್ಸರ್ ಆಗಿದ್ದವರಿಗೆ, ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದವರಿಗೆ ಇದು ಸಾಮಾನ್ಯವಾಗಿ ಹೊಂದುವುದಿಲ್ಲ. ಅವರಿಗೆ ಹಾರ್ಮೋನ್ ಇಲ್ಲದ ಮಾತ್ರೆಗಳಿವೆ. ಯೋನಿಯ ಒಣಗುವಿಕೆಗೆ ಅಲ್ಲಿಗಷ್ಟೇ ಹಚ್ಚುವ ಕಡಿಮೆ ಪ್ರಮಾಣದ ಈಸ್ಟ್ರೋಜನ್ ಕ್ರೀಮ್ ಇದೆ. ನಾಚಿಕೆಯಿಂದ ಇದನ್ನು ಕೇಳದೆ ಎಷ್ಟೋ ಮಂದಿ ವರ್ಷಗಟ್ಟಲೆ ಉರಿ ಅನುಭವಿಸುತ್ತಾರೆ ಎಂಬುದು ನನಗೆ ತುಂಬಾ ನೋವು ಕೊಡುವ ಸಂಗತಿ.

ಮೂರು ವಾರ ಬಿಸಿ ಏರಿದ ಹೊತ್ತನ್ನೆಲ್ಲ ಬರೆದಿಟ್ಟು ವೈದ್ಯೆಯ ಮುಂದಿಟ್ಟೆ. ಒಂದೇ ದಿನ ಒಂಬತ್ತು ಸಲ! ಚರ್ಮಕ್ಕೆ ಅಂಟಿಸುವ ಹಾರ್ಮೋನ್ ಪಟ್ಟಿ ಬರೆದುಕೊಟ್ಟರು. ಎರಡು ತಿಂಗಳಾಗುವ ಹೊತ್ತಿಗೆ ಬೆಳಗಿನವರೆಗೆ ನಿದ್ದೆ ಬರತೊಡಗಿತು.

ಜೀವನಶೈಲಿಯನ್ನೂ ಬದಲಿಸಿದೆ. ಆದರೆ ವ್ಯಾಯಾಮದಿಂದ ಬಿಸಿ ಏರುವುದು ನಿಂತೇಹೋಗುತ್ತದೆ ಎಂದು ಯಾರಿಗೂ ಆಸೆ ಹುಟ್ಟಿಸಲಾರೆ. ವಾರಕ್ಕೆರಡು ದಿನ ಭಾರ ಎತ್ತುವುದು ನನ್ನ ಮೂಳೆಗಾಗಿ. ಮುಟ್ಟು ನಿಂತ ಮೊದಲ ವರ್ಷಗಳಲ್ಲಿ ಮೂಳೆ ಬೇಗ ಸವೆಯುತ್ತದೆ. ಧೂಮಪಾನ ಬಿಡುವುದು, ತೂಕ ಇಳಿಸುವುದು, ಅರಿವಿನ ವರ್ತನಾ ಚಿಕಿತ್ಸೆ (ಯೋಚಿಸುವ, ನಡೆದುಕೊಳ್ಳುವ ರೀತಿ ಬದಲಿಸಲು ಕಲಿಸುವ ಮಾತಿನ ಚಿಕಿತ್ಸೆ) ಇವು ಬಿಸಿ ಏರುವುದರ ಕಾಟ ತಗ್ಗಿಸಲು ನೆರವಾಗುತ್ತವೆ.

ಇನ್ನೊಂದು ಮಾತು. ಹನ್ನೆರಡು ತಿಂಗಳು ಮುಟ್ಟಿಲ್ಲದೆ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ, ಮುಟ್ಟು ತಿರುಗಿ ಬಂತೆಂದು ಸುಮ್ಮನಿರಬೇಡಿ. ಆ ವಾರವೇ ವೈದ್ಯರಿಗೆ ತೋರಿಸಿ.