ಈಗ ಏನ್ ಮಾಡ್ತಿದೀಯ?

ನಿವೃತ್ತರಾದವರಿಗೆ ಉತ್ತರಿಸಲು ತೀರಾ ಕಷ್ಟವಾಗುವ ಪ್ರಶ್ನೆ ಇದು. ಬಸ್ಸಿನಲ್ಲಿ ಪಕ್ಕ ಕೂತವರು ಕೇಳಿದರೆ "ಆರಾಮಾಗಿದೀನಿ" ಅಂದು ಕಿಟಕಿ ಕಡೆ ತಿರುಗಬಹುದು. ಮದುವೆ ಮನೆಯಲ್ಲಿ ಯಾರಾದರೂ ಕೇಳಿದರೆ ಅಷ್ಟರಲ್ಲಿ ಊಟಕ್ಕೆ ಕರೆಯುತ್ತಾರೆ. ಕಾಲೇಜಿನ ಗೆಳೆಯರು ಕೇಳಿದರೆ ಮಾತ್ರ ತಪ್ಪಿಸಿಕೊಳ್ಳಲು ಜಾಗವಿಲ್ಲ. ನಮ್ಮ ಹಳೆಯ ಉತ್ತರಗಳೆಲ್ಲ ಅವರಿಗೆ ಗೊತ್ತು. ಪಾಸಾಗಿ ಕೆಲಸ ಸಿಗದೆ ಅಲೆಯುತ್ತಿದ್ದಾಗಲೂ ಅವರು ಇದನ್ನೇ ಕೇಳಿದ್ದರು. "ಐಇಎಸ್‌ಗೆ ಓದ್ತಿದೀನಿ" ಅಂತ, ಕೇಂದ್ರದ ಇಂಜಿನಿಯರಿಂಗ್ ಸರ್ವಿಸ್ ಪರೀಕ್ಷೆಯ ಹೆಸರಲ್ಲಿ, ಆಗ ಎಲ್ಲರೂ ಒಂದೇ ಸುಳ್ಳು ಹೇಳಿದ್ದೆವು.

ನಾವು 1985ರಲ್ಲಿ ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಮುಗಿಸಿದವರು. ಆಗ ದಾವಣಗೆರೆ ಇದ್ದದ್ದು ಚಿತ್ರದುರ್ಗ ಜಿಲ್ಲೆಯಲ್ಲಿ. ಡಿಗ್ರಿ ಸರ್ಟಿಫಿಕೇಟಿನ ಮೇಲೆ ಮೈಸೂರು ವಿಶ್ವವಿದ್ಯಾಲಯ ಅಂತಿದೆ. ಆಮೇಲೆ ಊರು ತಾನೇ ಜಿಲ್ಲೆಯಾಯಿತು, ಕಾಲೇಜಿಗೆ ಬೇರೆ ವಿಶ್ವವಿದ್ಯಾಲಯ ಬಂತು. ಬ್ಯಾಚಿನ ವಾಟ್ಸಾಪ್ ಗುಂಪು ಶುರುವಾದಾಗ ಎಲ್ಲರಿಗೂ ಐವತ್ತರ ಆಸುಪಾಸು. ಆಗ ಸುದ್ದಿಗೆ ಬರವಿರಲಿಲ್ಲ. ಒಬ್ಬನ ಮಗನಿಗೆ ಸುರತ್ಕಲ್‌ನಲ್ಲಿ ಸೀಟು, ಇನ್ನೊಬ್ಬನ ಮನೆಯ ಗೃಹಪ್ರವೇಶ, ಮತ್ತೊಬ್ಬನಿಗೆ ಚೀಫ್ ಇಂಜಿನಿಯರ್ ಪ್ರಮೋಷನ್. ಅರವತ್ತಾಯಿತು ನೋಡಿ, ಮಕ್ಕಳ ಮದುವೆಯೂ ಮುಗಿಯಿತು, ಪ್ರಮೋಷನ್ನೂ ನಿಂತಿತು. ಹಾಗಂತ ವರದಿ ಒಪ್ಪಿಸುವ ಚಟ ಬಿಡುತ್ತದೆಯೇ? ಈಗ ಯಾರು ಹೆಚ್ಚು ಬಿಜಿ ಅನ್ನುವುದರಲ್ಲೇ ಪೈಪೋಟಿ. ಸರ್ವಿಸಿನಲ್ಲಿದ್ದಾಗ ಮಧ್ಯಾಹ್ನ ಮೂರಕ್ಕೇ ಟೀ ಕುಡಿಯಲು ಎದ್ದು ಹೋಗುತ್ತಿದ್ದವನು "ಪುರುಸೊತ್ತೇ ಇಲ್ಲ" ಅಂತ ಬರೆಯುತ್ತಾನೆ.

ಇದಕ್ಕೆಲ್ಲ ಇಟ್ಟಿರುವ ಹೆಸರು ಸೆಕೆಂಡ್ ಇನ್ನಿಂಗ್ಸ್. ಬೀಳ್ಕೊಡುಗೆ ಭಾಷಣದಲ್ಲಿ ಈ ಮಾತು ಬಾರದಿದ್ದರೆ ಹಾರ ಹಾಕಿಯೂ ಪ್ರಯೋಜನವಿಲ್ಲ. ಟೆಸ್ಟ್ ಮ್ಯಾಚ್ ನೋಡಿದವರಿಗೆ ಸೆಕೆಂಡ್ ಇನ್ನಿಂಗ್ಸಿನ ಕಷ್ಟ ಗೊತ್ತು. ಅಷ್ಟು ಹೊತ್ತಿಗೆ ಪಿಚ್ ಒಡೆದಿರುತ್ತದೆ, ಬಾಲ್ ಯಾವ ಕಡೆ ತಿರುಗುತ್ತದೋ ಹೇಳಲಾಗದು. ರನ್ ಹೊಡೆಯುವುದು ಆಮೇಲಾಯಿತು, ಔಟಾಗದೆ ನಿಂತರೆ ಸಾಕು ಅನ್ನುವ ಸ್ಥಿತಿ.

ಸೆಪ್ಟೆಂಬರ್ 15 ಬಂದರೆ ಗುಂಪಿನ ತುಂಬ ವಿಶ್ವೇಶ್ವರಯ್ಯನವರು. ಪೇಟದ ಫೋಟೋ ಹಾಕಿ, "ಅವರು ನಿವೃತ್ತಿ ಆದ ಮೇಲೆ ತಾನೇ ಕನ್ನಂಬಾಡಿ ಕಟ್ಟಿದ್ದು, ನಾವ್ಯಾಕೆ ಸುಮ್ನೆ ಕೂರಬೇಕು?" ಅಂತ ಹುರಿದುಂಬಿಸುವವನು ಒಬ್ಬ ಇದ್ದೇ ಇರುತ್ತಾನೆ. ಮಾತೇನೋ ನಿಜವೇ. ಆದರೆ ಅವರು ಮುಂಬಯಿ ಪ್ರಾಂತ್ಯದ ಕೆಲಸ ಬಿಟ್ಟದ್ದು 1908ರಲ್ಲಿ, ಐವತ್ತು ತುಂಬುವ ಮೊದಲೇ. ಮರುವರ್ಷವೇ ಮೈಸೂರಿಗೆ ಚೀಫ್ ಇಂಜಿನಿಯರ್ ಆಗಿ ಬಂದರು. 1911ರಲ್ಲಿ ಅಣೆಕಟ್ಟಿನ ಕೆಲಸ ಶುರು, 1912ರಲ್ಲಿ ದಿವಾನಗಿರಿ. ಐವತ್ತರೊಳಗೇ ಕೆಲಸ ಬಿಟ್ಟವರನ್ನು ಅರವತ್ತೆರಡರ ಮಂಡಿನೋವಿನವನ ಮುಂದೆ ತಂದು ನಿಲ್ಲಿಸುವುದು ಯಾವ ನ್ಯಾಯ?

ಅಣೆಕಟ್ಟು ಕಟ್ಟದಿದ್ದರೂ ಒಬ್ಬ ಗೆಳೆಯ ತೋಟ ಕಟ್ಟುತ್ತಿದ್ದಾನೆ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಿಂದ ನಿವೃತ್ತನಾಗಿ ಚನ್ನಗಿರಿ ಹತ್ತಿರ ಜಮೀನು ತೆಗೆದುಕೊಂಡು ಅಡಿಕೆ ಸಸಿ ಇಟ್ಟ. ಫಸಲು ನೋಡಲು ಐದಾರು ವರ್ಷ ಕಾಯಬೇಕು. ಅರವತ್ತೊಂದಕ್ಕೆ ಅಡಿಕೆ ಇಡುವುದು ಧೈರ್ಯದ ಕೆಲಸವೇ ಸರಿ. ಅವನು ದಿನಾ ಸಸಿಗಳ ಫೋಟೋ ಹಾಕುತ್ತಾನೆ. ನಿನ್ನೆಗೂ ಇವತ್ತಿಗೂ ಏನು ವ್ಯತ್ಯಾಸವೋ ನಮಗಂತೂ ಕಾಣುವುದಿಲ್ಲ.

ಗುಂಪಿನಲ್ಲಿ ಇನ್ನೊಬ್ಬನಿಗೆ 'ಕೆಇಬಿ' ಅಂತಲೇ ಹೆಸರು. ಅವನು ಸೇರಿದ್ದು ಕೆಇಬಿಗೆ, ಅಂದರೆ ಆಗಿನ ಕರ್ನಾಟಕ ವಿದ್ಯುಚ್ಛಕ್ತಿ ಮಂಡಳಿಗೆ. 1999ರಲ್ಲಿ ಅದು ಕೆಪಿಟಿಸಿಎಲ್ ಆಯಿತು, 2002ರಲ್ಲಿ ಬೆಸ್ಕಾಂ ಬಂತು. ಒಂದೇ ಇಂಟರ್‌ವ್ಯೂ ಕೊಟ್ಟು ಮೂರು ಸಂಸ್ಥೆಗಳಲ್ಲಿ ದುಡಿದವನು ಬ್ಯಾಚಿನಲ್ಲಿ ಇವನೊಬ್ಬನೇ. ಸರ್ವಿಸಿನ ಉದ್ದಕ್ಕೂ ರೈತರಿಗೆ ಕರೆಂಟಿನ ಹೊತ್ತು ಹೇಳಿದ್ದಾನೆ. ಈಗ ಬೆಳಗಾಗೆದ್ದರೆ ತೋಟದವನ ಮೆಸೇಜು: "ಲೇ, ಇವತ್ತು ತ್ರೀ ಫೇಸ್ ಎಷ್ಟೊತ್ತಿಗೆ ಬರ್ತತಿ?" ನಿವೃತ್ತನಾದೆ ಅಂತ ಎಷ್ಟು ಹೇಳಿದರೂ ಕೇಳುವವನಲ್ಲ. "ನಾನೂ ಈಗ ಬರೀ ಗ್ರಾಹಕ ಕಣಪ್ಪಾ" ಅಂತ ಗೊಣಗುತ್ತಲೇ ಕೆಇಬಿ ಹಳೇ ಲೈನ್‌ಮ್ಯಾನ್‌ಗೆ ಫೋನ್ ಮಾಡಿ ವಿಚಾರಿಸಿ ಹೇಳುತ್ತಾನೆ. ನನ್ನ ಅನುಮಾನ, ಅವನಿಗೆ ಇದು ಇಷ್ಟವೇ. ಒಂದು ದಿನ ಆ ಪ್ರಶ್ನೆ ಬರಲಿಲ್ಲ. "ಯಾಕೋ, ಪಂಪ್‌ಸೆಟ್ ಓಡ್ತಿದೆಯಾ?" ಅಂತ ಅವನೇ ಕೇಳಿದ.

ದುಡ್ಡಿನ ಸುದ್ದಿ ಬಂದರೆ ಗುಂಪು ಎರಡು ಹೋಳು. ಸರ್ಕಾರಿ ಕೆಲಸದಲ್ಲಿದ್ದವರಿಗೆ ಕೊನೆಯ ಮೂಲವೇತನದ ಅರ್ಧ ಪಿಂಚಣಿ, ಮೇಲೆ ತುಟ್ಟಿಭತ್ಯೆ. ಡಿಎ ಏರಿದ ದಿನ ಅವರ ಕಡೆಯಿಂದ ಹೂಗುಚ್ಛಗಳು ಬರುತ್ತವೆ. ನನ್ನಂಥ ಖಾಸಗಿ ಕಂಪನಿಯವರು ಅವತ್ತು ಗುಂಪಿನ ಕಡೆ ತಲೆ ಹಾಕುವುದಿಲ್ಲ. ನಮ್ಮದು ಪಿಎಫ್ ಗಂಟಿನ ಬಡ್ಡಿ. ಹಿರಿಯ ನಾಗರಿಕರು ಅಂತ ಬ್ಯಾಂಕಿನವರು ಕೊಡುವ ಅರ್ಧ ಪರ್ಸೆಂಟ್ ಜಾಸ್ತಿ ಬಡ್ಡಿಯೇ ನಮ್ಮ ಡಿಎ. ಪಿಎಫ್ ಜತೆಗೆ ಬರುವ ಇಪಿಎಸ್ ಪಿಂಚಣಿಯ ವಿಷಯ ಎತ್ತದಿರುವುದೇ ಒಳ್ಳೆಯದು. 2014ರಲ್ಲಿ ಕನಿಷ್ಠ ಪಿಂಚಣಿಯನ್ನು ತಿಂಗಳಿಗೆ 1000 ರೂಪಾಯಿ ಮಾಡಿದ್ದೇ ದೊಡ್ಡ ಸುದ್ದಿಯಾಗಿತ್ತು ಅಂದರೆ ಅಂದಾಜು ಮಾಡಿಕೊಳ್ಳಿ.

ಈ ಎರಡು ಹೋಳಿಗೂ ಸೇರದೆ ನಿಶ್ಚಿಂತೆಯಿಂದ ಇರುವವನು ನಮ್ಮ ಎಚ್‌ಎಂಟಿ ಗೆಳೆಯ. ಜಾಲಹಳ್ಳಿಯ ವಾಚ್ ಫ್ಯಾಕ್ಟರಿಯಲ್ಲಿದ್ದ. ನಡುವಯಸ್ಸಿಗೇ ವಿಆರ್‌ಎಸ್, ಅಂದರೆ ಸ್ವಯಂ ನಿವೃತ್ತಿ, ತೆಗೆದುಕೊಂಡು ಪಾಲಿಟೆಕ್ನಿಕ್‌ನಲ್ಲಿ ಪಾಠ ಮಾಡಿದ. ವಾಚ್ ಕಂಪನಿ ಮುಚ್ಚಲು ಕೇಂದ್ರ ಸರ್ಕಾರ 2016ರ ಜನವರಿಯಲ್ಲಿ ಒಪ್ಪಿಗೆ ಕೊಟ್ಟಾಗ ಅವನು ಗುಂಪಿನಲ್ಲಿ ಏನೂ ಬರೆಯಲಿಲ್ಲ. ಈಗ ಮನೆಯ ಕಿಟಕಿ ಪಕ್ಕ ಮೇಜು ಹಾಕಿಕೊಂಡು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಹಳೇ ಜನತಾ, ಪೈಲಟ್, ಕೋಹಿನೂರ್ ವಾಚುಗಳನ್ನು ರಿಪೇರಿ ಮಾಡುತ್ತಾನೆ. ದಿನಾ ಕೀ ಕೊಡಬೇಕಾದ ವಾಚುಗಳು. ನಮ್ಮಲ್ಲಿ ಎಷ್ಟೋ ಜನಕ್ಕೆ ಮಾವ ಮದುವೆಯಲ್ಲಿ ಕಟ್ಟಿದ್ದು ಎಚ್‌ಎಂಟಿಯೇ ಅಲ್ವಾ? ಕಪಾಟಿನ ಮೂಲೆಯಲ್ಲಿ ನಿಂತು ಹೋಗಿದ್ದ ಆ ವಾಚುಗಳೆಲ್ಲ ಒಂದೊಂದಾಗಿ ಕೊರಿಯರ್‌ನಲ್ಲಿ ಅವನ ಮನೆ ಸೇರುತ್ತಿವೆ. ಅವನ ಸುದ್ದಿ ಯಾವಾಗಲೂ ಒಂದೇ ಸಾಲು: "ಎರಡು ಓಡ್ತಿವೆ, ಒಂದು ಹಟ ಮಾಡ್ತಿದೆ." ಯಾರ ಮಾವನದು ಹಟ ಮಾಡುತ್ತಿದೆ ಅನ್ನುವುದರ ಮೇಲೆ ಅರ್ಧ ದಿನ ತಮಾಷೆ ನಡೆಯುತ್ತದೆ.

ಬ್ಯಾಚಿನಲ್ಲಿ ಹುಡುಗಿಯರು ಬೆರಳೆಣಿಕೆಯಷ್ಟು. ಆಗ ಅವರನ್ನು "ರೀ" ಅಂತ ಕರೆಯಲೂ ಹೆದರುತ್ತಿದ್ದೆವು. ಈಗ ಹೆದರಿಕೆ ಹೋಗಿದೆ, "ರೀ" ಮಾತ್ರ ಹಾಗೇ ಉಳಿದಿದೆ. ಅವರಲ್ಲೊಬ್ಬರು ಪ್ರಿನ್ಸಿಪಾಲರಾಗಿ ನಿವೃತ್ತರಾದವರು. 2023ರ ಜೂನ್ 11ಕ್ಕೆ ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆ ಮಾಡಿದ ಶಕ್ತಿ ಯೋಜನೆ ಶುರುವಾದ ಮೇಲೆ ಊರೂರು ತಿರುಗುತ್ತಿದ್ದಾರೆ. ಇಕ್ಕೇರಿ, ಬನವಾಸಿ, ಲಕ್ಕುಂಡಿ. ಗುಡಿಯ ಫೋಟೋದ ಜತೆ ಸೊನ್ನೆ ರೂಪಾಯಿಯ ಟಿಕೆಟ್ ಫೋಟೋ ಬೇರೆ. ಅದೇ ಬಸ್ಸಿನಲ್ಲಿ ನಮಗೆ ಕಾಲು ಭಾಗ ರಿಯಾಯಿತಿ. ರೈಲಿನಲ್ಲಿ ಅರವತ್ತು ದಾಟಿದ ಗಂಡಸರಿಗೆ 40 ಪರ್ಸೆಂಟ್ ಇತ್ತು, ಅದು 2020ರ ಮಾರ್ಚ್‌ನಲ್ಲಿ ನಿಂತಿತು. ಸರಿಯಾಗಿ ನಮಗೆ ಅರವತ್ತಾಗುವ ಮೊದಲು.

ಅಮೆರಿಕದಲ್ಲಿ ಮೊಮ್ಮಕ್ಕಳನ್ನು ನೋಡಿಕೊಳ್ಳುವವರದು ಹೇಳುವಷ್ಟೇನಿಲ್ಲ. ಮೊದಲ ವಾರ ನಯಾಗರಾ, ಆಮೇಲೆ ಬರೀ ಹಿಮ. ನವೆಂಬರ್‌ನಲ್ಲಿ ಮಾತ್ರ ಪಿಂಚಣಿಯವರೆಲ್ಲ ಒಂದಾಗುತ್ತಾರೆ. ಬದುಕಿದ್ದೇವೆ ಅಂತ ಸರ್ಟಿಫಿಕೇಟ್ ಕೊಡುವ ತಿಂಗಳು ಅದು. ಈಗ ಮೊಬೈಲಿನ ಎದುರು ಕೂತು ಕಣ್ಣು ಮಿಟುಕಿಸಿದರೂ ಸಾಕು. "ನನ್ನ ಮುಖ ತಗೊಳ್ತಿಲ್ಲ" ಅಂತ ಒಬ್ಬ ಬರೆದರೆ, "ಕಾಲೇಜಲ್ಲೂ ಯಾರೂ ತಗೊಂಡಿರಲಿಲ್ಲ ಬಿಡು" ಅಂತ ತಕ್ಷಣ ಉತ್ತರ ಬರುತ್ತದೆ.

ಗಮನಿಸಿ ನೋಡಿದ್ದೇನೆ, ದೊಡ್ಡ ಸುದ್ದಿಗೆ ಹೆಬ್ಬೆರಳೂ ಕೈಮುಗಿದ ಚಿತ್ರವೂ ಬಂದು ಅಲ್ಲಿಗೆ ಮುಗಿಯುತ್ತದೆ. ಕನ್ಸಲ್ಟೆಂಟ್ ಆದೆ, ಬೋರ್ಡ್ ಮೆಂಬರ್ ಆದೆ ಅಂದವನನ್ನು ಯಾರೂ ಮುಂದಕ್ಕೆ ಏನೂ ಕೇಳುವುದಿಲ್ಲ. ಹೋದ ವರ್ಷ ಹೆಂಡತಿಯನ್ನು ಕಳೆದುಕೊಂಡ ಗೆಳೆಯನೊಬ್ಬ ತಿಂಗಳುಗಟ್ಟಲೆ ಗುಂಪಿನಲ್ಲಿ ಬಾಯಿ ಬಿಟ್ಟಿರಲಿಲ್ಲ. ನಾವೂ ಏನು ಕೇಳಬೇಕೆಂದು ತಿಳಿಯದೆ ಸುಮ್ಮನಿದ್ದೆವು. ಒಂದು ಮಧ್ಯಾಹ್ನ ಅವನೇ ಬರೆದ: "ನುಗ್ಗೆಕಾಯಿ ಹುಳಿ ಮಾಡಿದೆ. ಉಪ್ಪು ಜಾಸ್ತಿಯಾಗಿದೆ. ಏನ್ ಮಾಡ್ಲಿ?"

ಅವತ್ತು ಗುಂಪು ಎದ್ದು ಕೂತಿತು. ನಮ್ಮಲ್ಲಿ ಬಹಳ ಮಂದಿ ಒಲೆ ಮುಂದೆ ನಿಂತವರೇ ಅಲ್ಲ, ಆದರೂ ಎಲ್ಲರಿಗೂ ಉತ್ತರ ಗೊತ್ತಿತ್ತು. ಎರಡು ಆಲೂಗಡ್ಡೆ ಹಾಕಿ ಕುದಿಸು ಅಂದ ತೋಟದವನು. ಆಲೂಗಡ್ಡೆ ಉಪ್ಪು ಹೀರುತ್ತದೆ ಅನ್ನುವುದೇ ಸುಳ್ಳು ಅಂತ ವಾಚಿನವನು ತಕರಾರು ತೆಗೆದ. ಇನ್ನೊಬ್ಬ ಉಪ್ಪಿನ ಸಾಂದ್ರತೆಯ ಲೆಕ್ಕ ಹಾಕಿ ಎಷ್ಟು ನೀರು ಬೆರೆಸಬೇಕೆಂದು ಸೂತ್ರ ಬರೆದ. ಪ್ರಿನ್ಸಿಪಾಲರು ಮಾತ್ರ "ಇನ್ನೊಂದು ಹಿಡಿ ಬೇಳೆ ಬೇಯಿಸಿ ಸೇರಿಸಿರಿ" ಅಂತ ಸರಿಯಾದ ದಾರಿ ಹೇಳಿದರು. ನ್ಯೂಜೆರ್ಸಿಯಲ್ಲಿ ರಾತ್ರಿ ಎಚ್ಚರವಾದವನೊಬ್ಬ ಹೆಂಡತಿಯನ್ನು ಎಬ್ಬಿಸಿ ಕೇಳಿ, ಬೈಸಿಕೊಂಡು, ಅದನ್ನೇ ಮತ್ತೆ ಬರೆದ.

ಈಗ ಆ ಹುಳಿ ಮಾಡಿದವನು ದಿನಾ ಬರೆಯುತ್ತಾನೆ. ಹೋದ ಶನಿವಾರ ಉಪ್ಪಿಟ್ಟು ಮಾಡಿದ್ದನಂತೆ, ಉಪ್ಪೇ ಹಾಕಿರಲಿಲ್ಲವಂತೆ. "ಬಿಪಿಗೆ ಒಳ್ಳೇದು, ತಿನ್ನು" ಅಂತ ಕೆಇಬಿ ಬರೆದ.