ಶಾಲೆಯ ಗೇಟಿನ ಮುಂದಿನ ಹದಿನೈದು ನಿಮಿಷ

ನಾನು ಓದಿದ ಹೈಸ್ಕೂಲಿನ ಹಳೆಯ ಕಟ್ಟಡವನ್ನು ಕೆಡವಿ ಅದೇ ಆವರಣದಲ್ಲಿ ನಾಲ್ಕು ಅಂತಸ್ತಿನ ಹೊಸ ಕಟ್ಟಡ ಕಟ್ಟುವ ಯೋಜನೆ ಸಿದ್ಧವಾಗಿದೆ. ದಕ್ಷಿಣ ಬೆಂಗಳೂರಿನ ಹಳೆಯ ಬಡಾವಣೆಯೊಂದರಲ್ಲಿ, ನಲವತ್ತು ಅಡಿ ರಸ್ತೆಗೆ ಮುಖ ಮಾಡಿ ನಿಂತಿರುವ ಈ ಶಾಲೆಯ ಹೆಂಚಿನ ಮಾಡು ಪ್ರತಿ ಮಳೆಗಾಲದಲ್ಲೂ ಸೋರುತ್ತದೆ. ಪ್ರಯೋಗಾಲಯದ ಗೋಡೆ ಬಿರುಕು ಬಿಟ್ಟು ಬಹಳ ಕಾಲವಾಯಿತು. ಹೊಸ ಕಟ್ಟಡ ಬೇಕೇ ಬೇಕು ಎಂಬುದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಆದರೆ ಈಗ ಏಳುನೂರರ ಆಸುಪಾಸಿನಲ್ಲಿರುವ ಮಕ್ಕಳ ಸಂಖ್ಯೆ, ಪಿಯು ತರಗತಿಗಳೂ ಸೇರಿದ ಮೇಲೆ 1,500ಕ್ಕೆ ಏರಲಿದೆ. ಕಳೆದ ವಾರ ಆಡಳಿತ ಮಂಡಳಿಯವರು ಹಳೆಯ ವಿದ್ಯಾರ್ಥಿಗಳನ್ನೂ ಸುತ್ತಲಿನ ನಿವಾಸಿಗಳನ್ನೂ ಕರೆದು ನಕ್ಷೆ ತೋರಿಸಿ, ಸಂಚಾರದ ಮೇಲೆ ಆಗುವ ಪರಿಣಾಮದ ವರದಿಯ ಪ್ರತಿಯನ್ನೂ ಕೊಟ್ಟರು. ವೃತ್ತಿಜೀವನದ ಬಹುಪಾಲನ್ನು ರಸ್ತೆಗಳಲ್ಲಿ ವಾಹನ ಎಣಿಸುವುದರಲ್ಲಿ, ಎಣಿಸಿದ್ದನ್ನು ಲೆಕ್ಕಕ್ಕಿಳಿಸುವುದರಲ್ಲಿ ಕಳೆದವನು ನಾನು. ಮನೆಗೆ ಬಂದು ಆ ವರದಿಯನ್ನು ಎರಡು ಸಲ ಓದಿದ ಮೇಲೆ ಇದನ್ನು ಬರೆಯದೆ ಇರಲಾಗಲಿಲ್ಲ.

ಮೊದಲು ಕಣ್ಣಿಗೆ ಬಿದ್ದದ್ದು ಎಣಿಕೆಯ ದಿನಾಂಕ. ಸಮೀಕ್ಷೆ ನಡೆದಿರುವುದು ಏಪ್ರಿಲ್ ಮೂರನೆಯ ವಾರದಲ್ಲಿ, ಅಂದರೆ ಪರೀಕ್ಷೆಗಳೆಲ್ಲ ಮುಗಿದು ನಮ್ಮ ರಾಜ್ಯದ ಶಾಲೆಗಳಿಗೆ ಬೇಸಿಗೆ ರಜೆ ಶುರುವಾದ ಮೇಲೆ. ಶಾಲೆಯೇ ಇಲ್ಲದ ದಿನ ಶಾಲೆಯ ಮುಂದಿನ ವಾಹನಗಳನ್ನು ಎಣಿಸಿದರೆ ಸಿಗುವುದು ಬಡಾವಣೆಯ ಸಂಚಾರ ಮಾತ್ರ. ಅದರ ಮೇಲೆ ಹೊಸ ಮಕ್ಕಳ ವಾಹನಗಳನ್ನಷ್ಟೇ ಕೂಡಿಸಿದ್ದಾರೆ. ಇಂದು ಓದುತ್ತಿರುವ ಏಳುನೂರು ಮಕ್ಕಳು ಲೆಕ್ಕದಿಂದಲೇ ಬಿಟ್ಟುಹೋಗಿದ್ದಾರೆ.

ಎರಡನೆಯದು ರಸ್ತೆಯ ಸಾಮರ್ಥ್ಯ. ರಸ್ತೆಗಳಿಗೆ ಮಾನದಂಡ ರೂಪಿಸುವ ಸಂಸ್ಥೆಯಾದ ಭಾರತೀಯ ರಸ್ತೆ ಕಾಂಗ್ರೆಸ್ (ಐಆರ್‌ಸಿ) 1990ರಲ್ಲಿ ಪ್ರಕಟಿಸಿದ ಐಆರ್‌ಸಿ 106 ಮಾರ್ಗಸೂಚಿ ನಗರದ ರಸ್ತೆಗಳ ಸಾಮರ್ಥ್ಯವನ್ನು ಪಿಸಿಯು ಎಂಬ ಮಾನದಲ್ಲಿ ಹೇಳುತ್ತದೆ. ಒಂದು ಕಾರು ಒಂದು ಪಿಸಿಯು ಎಂದು ಹಿಡಿದು, ಉಳಿದ ವಾಹನಗಳನ್ನು ಅದಕ್ಕೆ ಹೋಲಿಸಿ ಲೆಕ್ಕ ಹಾಕುವ ಕ್ರಮವಿದು. ಎರಡು ಲೇನ್‌ಗಳಲ್ಲಿ ಎರಡೂ ದಿಕ್ಕಿಗೆ ವಾಹನ ಓಡುವ ರಸ್ತೆಗೆ ಈ ಮಾರ್ಗಸೂಚಿ ಒಂದೇ ಅಂಕಿ ಕೊಡುವುದಿಲ್ಲ. ಮನೆಗಳ ಗೇಟು ರಸ್ತೆಗೆ ತೆರೆಯದ, ವಾಹನ ನಿಲ್ಲದ ಮುಖ್ಯ ರಸ್ತೆಯಾದರೆ ಗಂಟೆಗೆ 1,500. ಮನೆ ಅಂಗಡಿಗಳು ನೇರವಾಗಿ ರಸ್ತೆಗೆ ತೆರೆದುಕೊಂಡು, ಬದಿಯಲ್ಲಿ ವಾಹನ ನಿಂತು, ಅಡ್ಡ ಸಂಚಾರವೂ ಹೆಚ್ಚಿರುವ ರಸ್ತೆಯಾದರೆ 900. ನಮ್ಮ ರಸ್ತೆಯ ಎರಡೂ ಬದಿಯಲ್ಲಿ ಮನೆಗಳಿವೆ, ಹಾಲಿನ ಬೂತಿದೆ, ಜೆರಾಕ್ಸ್ ಅಂಗಡಿಯಿದೆ, ತಳ್ಳುಗಾಡಿಯ ತರಕಾರಿಯವರಿದ್ದಾರೆ. ವರದಿ ಮಾತ್ರ 1,500ರ ಅಂಕಿಯನ್ನು ಹಿಡಿದು, ಸಾಮರ್ಥ್ಯದ ಅರ್ಧವೂ ಬಳಕೆಯಾಗುವುದಿಲ್ಲ ಎಂಬ ತೀರ್ಮಾನಕ್ಕೆ ಬಂದಿದೆ. ಮಾರ್ಗಸೂಚಿಯ ಈ ಅಂಕಿಗಳು ರಸ್ತೆಯ ಗರಿಷ್ಠ ಸಾಮರ್ಥ್ಯದ ಸುಮಾರು ಶೇ 70ರ ಮಟ್ಟದಲ್ಲಿ, ವಿನ್ಯಾಸಕ್ಕೆಂದು ಹಾಕಿಕೊಟ್ಟ ಮಿತಿಗಳು; ನಮ್ಮ ರಸ್ತೆಗೆ ಸಲ್ಲುವುದು 900ರ ಮಿತಿ.

ಇವೆರಡನ್ನೂ ತಿದ್ದಬಹುದು. ಆದರೆ ಮೂರನೆಯ ದೋಷ ಇಂಥ ಬಹುತೇಕ ಎಲ್ಲ ವರದಿಗಳಲ್ಲೂ ಇರುತ್ತದೆ, ಮತ್ತು ನನ್ನ ಮಟ್ಟಿಗೆ ಅದೇ ಎಲ್ಲಕ್ಕಿಂತ ದೊಡ್ಡದು. ಕಚೇರಿಯ, ಅಂಗಡಿ ಸಂಕೀರ್ಣದ ಸಂಚಾರ ಗಂಟೆಗಟ್ಟಲೆ ಹರಡಿಕೊಳ್ಳುತ್ತದೆ. ಶಾಲೆಯ ಸಂಚಾರ ಹಾಗಲ್ಲ. ಗಂಟೆ ಬಾರಿಸುವ ಹೊತ್ತಿಗೆ ಎಲ್ಲರೂ ಒಮ್ಮೆಗೇ ಬಂದು ಬೀಳುತ್ತಾರೆ. ಇಡೀ ಗಂಟೆಯ ಸರಾಸರಿ ತೆಗೆದರೆ ಆ ನೂಕುನುಗ್ಗಲು ಕಾಗದದ ಮೇಲೆ ಕಾಣೆಯಾಗುತ್ತದೆ.

ಒಂದು ಲೆಕ್ಕ ಹಾಕಿ ನೋಡೋಣ. 1,500 ಮಕ್ಕಳಲ್ಲಿ ಐವರಿಗೆ ಒಬ್ಬರಂತೆ 300 ಮಕ್ಕಳು ಕಾರಿನಲ್ಲಿ, ಕಾರಿಗೊಬ್ಬರಂತೆ ಬರುತ್ತಾರೆ ಎಂದುಕೊಳ್ಳಿ. ಗೇಟಿನ ಮುಂದೆ ಒಮ್ಮೆಗೆ ಆರು ಕಾರು ನಿಲ್ಲಲು ಜಾಗವಿದ್ದು, ಬ್ಯಾಗು, ಊಟದ ಡಬ್ಬಿ, ನೀರಿನ ಬಾಟಲಿಗಳನ್ನೆಲ್ಲ ಇಳಿಸಿಕೊಂಡು ಒಂದು ಕಾರು ಹೊರಡಲು ಒಂದು ನಿಮಿಷ ಹಿಡಿಯುತ್ತದೆ ಎನ್ನೋಣ. ಅಲ್ಲಿಗೆ ನಿಮಿಷಕ್ಕೆ ಆರು ಕಾರು ಖಾಲಿಯಾದಂತಾಯಿತು. ಗಂಟೆಗೆ 300 ಎಂದರೆ ನಿಮಿಷಕ್ಕೆ ಬರುವುದು ಐದೇ ಕಾರು, ಆದ್ದರಿಂದ ತೊಂದರೆಯಿಲ್ಲ ಎನ್ನುತ್ತದೆ ವರದಿಯ ಸರಾಸರಿಯ ಕ್ರಮ. ಆದರೆ ಆ 300ರಲ್ಲಿ 200 ಕಾರು ಕೊನೆಯ ಹದಿನೈದು ನಿಮಿಷದಲ್ಲೇ ಬಂದರೆ? ಅಷ್ಟು ಹೊತ್ತಿನಲ್ಲಿ ಖಾಲಿಯಾಗುವುದು 90. ಉಳಿದ 110 ಕಾರು ಒಂದರ ಹಿಂದೊಂದು, ತಲಾ ಆರು ಮೀಟರಿನಂತೆ ನಿಂತರೆ ಸಾಲು 660 ಮೀಟರ್ ಉದ್ದವಾಗುತ್ತದೆ. ಆ ಸಾಲು ನಮ್ಮ ರಸ್ತೆಯನ್ನು ತುಂಬಿ, ವೃತ್ತವನ್ನು ದಾಟಿ, ಮುಖ್ಯ ರಸ್ತೆಯ ಬಸ್ ನಿಲ್ದಾಣದವರೆಗೂ ಹೋಗುತ್ತದೆ. ಮಕ್ಕಳ ಸಂಖ್ಯೆಯೂ ರಸ್ತೆಯೂ ಎರಡೂ ಲೆಕ್ಕದಲ್ಲಿ ಒಂದೇ. ಹದಿನೈದು ನಿಮಿಷವನ್ನು ಬೇರೆಯಾಗಿ ನೋಡಿದ್ದಷ್ಟೇ ವ್ಯತ್ಯಾಸ. ಸಂಚಾರ ಎಂಜಿನಿಯರಿಂಗ್‌ನಲ್ಲಿ ಹದಿನೈದು ನಿಮಿಷಕ್ಕೊಮ್ಮೆ ಎಣಿಕೆಯನ್ನು ಬಿಡಿಸಿ ಬರೆಯುವ ಪದ್ಧತಿ ಇರುವುದೇ ಇದಕ್ಕಾಗಿ.

ಇಷ್ಟು ಹೇಳಿದರೂ ಇದು ಕಾರಿನವರ ಕಷ್ಟದ ಮಾತಾಯಿತು. ಶಾಲೆ ತೆರೆದ ಮೇಲೆ ಜೂನ್‌ನಲ್ಲಿ ಮೂರು ದಿನ ಬೆಳಿಗ್ಗೆ ಎಂಟರಿಂದ ಗೇಟಿನ ಎದುರಿನ ಹೊಂಗೆ ಮರದ ಕೆಳಗೆ ನಿಂತು ನೋಡಿದೆ. ಎರಡನೆಯ ದಿನ ಸಣ್ಣಗೆ ಮಳೆಯಿತ್ತು. ಫುಟ್‌ಪಾತಿನ ಮೇಲೆ ಟ್ರಾನ್ಸ್‌ಫಾರ್ಮರ್ ಇರುವ ಕಡೆ ದಾರಿ ಮುಚ್ಚಿರುವುದರಿಂದ ನಡೆದು ಬರುವ ಮಕ್ಕಳೆಲ್ಲ ಅಲ್ಲಿ ರಸ್ತೆಗೆ ಇಳಿಯಲೇಬೇಕು. ಎಂಟನೆಯ ತರಗತಿಯವಳಿರಬೇಕು, ಒಬ್ಬ ಹುಡುಗಿ ಸೈಕಲ್ಲಿನಿಂದ ಇಳಿದು, ಹ್ಯಾಂಡಲಿಗೆ ನೇತುಹಾಕಿದ್ದ ಊಟದ ಚೀಲವನ್ನು ಒಂದು ಕೈಯಲ್ಲಿ ಹಿಡಿದು, ನಿಂತ ಆಟೋ ಮತ್ತು ಹಿಂದಕ್ಕೆ ಬರುತ್ತಿದ್ದ ಕಾರಿನ ನಡುವೆ ಸೈಕಲ್ ತಳ್ಳಿಕೊಂಡು ಹೋಗಲು ನೋಡುತ್ತಿದ್ದಳು. ವಾಚ್‌ಮನ್ ಸೀಟಿ ಊದುತ್ತಲೇ ಇದ್ದರು. ಕಾರಿನ ಚಾಲಕರಿಗೆ ಅವಳು ಕಾಣಿಸಲೇ ಇಲ್ಲ; ಆಟೋದವರು ಕೈಯಿಂದ ಕಾರಿನ ಡಿಕ್ಕಿ ಬಡಿದು ನಿಲ್ಲಿಸಿದರು. ಆ ಹುಡುಗಿಗೆ ವರದಿಯ ನಲವತ್ತು ಪುಟಗಳಲ್ಲಿ ಒಂದು ಸಾಲಿನ ಜಾಗವೂ ಇಲ್ಲ. ಕಾಲ್ನಡಿಗೆಯ ಎಣಿಕೆ ನಡೆದೇ ಇಲ್ಲ. ಫುಟ್‌ಪಾತಿನಲ್ಲಿ ಅಡೆತಡೆಯಿಲ್ಲದ ಕನಿಷ್ಠ 1.8 ಮೀಟರ್ ಅಗಲವಿರಬೇಕು ಎಂದು ಐಆರ್‌ಸಿ 103 ಹೇಳುತ್ತದೆ. ಅದರ ಉಲ್ಲೇಖವೂ ಇಲ್ಲ.

ಹೈಸ್ಕೂಲು ಎಂಬುದನ್ನೂ ಇಲ್ಲಿ ಗಮನಿಸಬೇಕು. ಶಿಕ್ಷಣ ಹಕ್ಕಿನ ನಿಯಮಗಳು ಒಂದರಿಂದ ಐದನೆಯ ತರಗತಿಗೆ ಒಂದು ಕಿಲೋಮೀಟರ್, ಎಂಟರವರೆಗೆ ಮೂರು ಕಿಲೋಮೀಟರ್ ಒಳಗೆ ಶಾಲೆ ಇರಬೇಕೆನ್ನುತ್ತವೆ. ಒಂಬತ್ತು, ಹತ್ತಕ್ಕೆ ಅಂಥ ಕಟ್ಟುಪಾಡಿಲ್ಲ. ಆದ್ದರಿಂದ ಮಕ್ಕಳು ದೂರದಿಂದಲೂ ಬರುತ್ತಾರೆ. ಪಿಯು ತರಗತಿ ಸೇರಿದರೆ ಸ್ಕೂಟರ್‌ಗಳೂ ಬರುತ್ತವೆ. ಹದಿನೆಂಟು ತುಂಬದವರ ಕೈಗೆ ಗಾಡಿ ಕೊಟ್ಟ ಪೋಷಕರಿಗೆ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ 25,000 ರೂಪಾಯಿ ದಂಡವೂ ಮೂರು ವರ್ಷದವರೆಗಿನ ಜೈಲು ಶಿಕ್ಷೆಯೂ ಆಗಬಹುದು. ಆದರೂ ಆ ಸ್ಕೂಟರ್‌ಗಳು ಸುತ್ತಲಿನ ಕ್ರಾಸ್‌ಗಳಲ್ಲಿ ನಿಲ್ಲುವುದನ್ನು ನಾವೆಲ್ಲ ನೋಡಿದ್ದೇವೆ.

ಇದನ್ನೆಲ್ಲ ಪರಿಶೀಲಿಸುವವರು ಯಾರು ಎಂದು ಸಭೆಯಲ್ಲಿ ಹಿರಿಯರೊಬ್ಬರು ಕೇಳಿದರು. 20,000 ಚದರ ಮೀಟರ್ ಮೀರಿದ ಕಟ್ಟಡಗಳಿಗೆ 2006ರ ಪರಿಸರ ಅಧಿಸೂಚನೆಯಂತೆ ಪೂರ್ವಾನುಮತಿ ಬೇಕು. 2014ರ ಡಿಸೆಂಬರ್‌ನಲ್ಲಿ ಶಾಲೆ, ಕಾಲೇಜು, ಹಾಸ್ಟೆಲ್‌ಗಳಿಗೆ ಇದರಿಂದ ವಿನಾಯಿತಿ ನೀಡಲಾಗಿತ್ತು. ಅಂಥ ವಿನಾಯಿತಿ ಸಲ್ಲದು ಎಂದು 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದು ಒಳ್ಳೆಯ ತೀರ್ಪು ಎಂದೇ ನನ್ನ ಭಾವನೆ. ಆದರೆ ನಮ್ಮ ಶಾಲೆಯಷ್ಟು ದೊಡ್ಡ ಕಟ್ಟಡಗಳು ಆ ಮಿತಿಯೊಳಗೇ ಉಳಿಯುತ್ತವೆ. ಹಾಗಾಗಿ ನಕ್ಷೆಗೆ ಮಂಜೂರಾತಿ ಸಿಗುವ ಮೊದಲು ನಾವೇ ಕೇಳಬೇಕು.

ಶಾಲೆಯ ಸಮಯ ಬದಲಿಸಿದರೆ ಸಾಲದೇ ಎಂದೂ ಕೆಲವರು ಕೇಳಿದರು. 2023ರಲ್ಲಿ ಹೈಕೋರ್ಟ್ ಸೂಚನೆಯ ಮೇರೆಗೆ ಇಡೀ ಬೆಂಗಳೂರಿನ ಶಾಲೆಗಳ ಸಮಯ ಬದಲಿಸುವ ಚರ್ಚೆ ನಡೆದಾಗ ಶಾಲೆಗಳ ಸಂಘಟನೆಗಳು ಒಪ್ಪಲಿಲ್ಲ. ನಸುಕಿನಲ್ಲೇ ಎದ್ದು ಹೊರಡುವ ಮಕ್ಕಳನ್ನು ಇನ್ನೂ ಬೇಗ ಎಬ್ಬಿಸುವುದು ನನಗೂ ಸರಿ ಕಾಣುವುದಿಲ್ಲ. ಆದರೆ ಒಂದೇ ಆವರಣದಲ್ಲಿ ಹೈಸ್ಕೂಲು ಮತ್ತು ಪಿಯು ತರಗತಿಗಳ ಆರಂಭದ ನಡುವೆ ಮುಕ್ಕಾಲು ಗಂಟೆಯ ಅಂತರವಿಟ್ಟರೆ ಯಾರ ನಿದ್ದೆಯೂ ಕೆಡುವುದಿಲ್ಲ, ಸಾಲಂತೂ ಬಹಳ ಕಡಿಮೆಯಾಗುತ್ತದೆ. ಬಸ್ಸಿನ ಲೆಕ್ಕ ಇನ್ನೂ ಸ್ಪಷ್ಟವಾಗಿದೆ: ಬಸ್ಸಿಗೆ ಐಆರ್‌ಸಿ ಕೊಡುವ ಅತಿ ಹೆಚ್ಚಿನ ಅಂಕಿ 3.7 ಪಿಸಿಯು, ಅದರಲ್ಲಿ ಕೂರುವ ನಲವತ್ತು ಮಕ್ಕಳು ಒಬ್ಬೊಬ್ಬರಾಗಿ ಕಾರಿನಲ್ಲಿ ಬಂದರೆ ನಲವತ್ತು.

ಎಲ್ಲಕ್ಕಿಂತ ಮುಖ್ಯವಾದದ್ದು ಗೇಟಿನ ಜಾಗ. ವಾಹನಗಳು ಒಂದು ಗೇಟಿನಿಂದ ಒಳಗೆ ಬಂದು, ಕಾಂಪೌಂಡಿನೊಳಗೇ ಮಕ್ಕಳನ್ನು ಇಳಿಸಿ, ಇನ್ನೊಂದು ಗೇಟಿನಿಂದ ಹೊರಗೆ ಹೋಗುವಂತಿದ್ದರೆ ಆ ಸಾಲಿನ ಒಂದು ಪಾಲಾದರೂ ರಸ್ತೆಯಿಂದ ಒಳಗೆ ಸರಿಯುತ್ತದೆ. ಇಳಿಸುವ ಜಾಗವೂ ಆರು ಕಾರಿನಿಂದ ಹನ್ನೆರಡಕ್ಕೆ ಏರುತ್ತದೆ. ಇದಕ್ಕೆ ಆಟದ ಮೈದಾನವನ್ನು ಮುಟ್ಟಬೇಕಿಲ್ಲ. ಮುಂಭಾಗದ ಕಾರಿಡಾರನ್ನು ಏಳೆಂಟು ಮೀಟರ್ ಹಿಂದಕ್ಕೆ ಸರಿಸಿದರೆ ಸಾಕು. ನಕ್ಷೆ ಕಾಗದದ ಮೇಲಿರುವಾಗ ಇದು ಸಣ್ಣ ಬದಲಾವಣೆ, ಪಿಲ್ಲರ್ ಎದ್ದ ಮೇಲೆ ಆಗದ ಕೆಲಸ. ಕಾಮಗಾರಿ ನಡೆಯುವ ಎರಡು ವರ್ಷವೂ ಅರ್ಧ ಆವರಣದಲ್ಲಿ ಪಾಠ ನಡೆಯಲಿದೆ. ಕಾಂಕ್ರೀಟ್ ಲಾರಿಗಳು ಬೆಳಿಗ್ಗೆ ಮತ್ತು ಸಂಜೆ ಮಕ್ಕಳ ಹೊತ್ತಿನಲ್ಲಿ ಬರಬಾರದು ಎಂಬ ಷರತ್ತು ಗುತ್ತಿಗೆಯಲ್ಲೇ ಇರಬೇಕು.

ನಡೆದು ಬರುವವರಿಗೂ ಸೈಕಲ್ಲಿನವರಿಗೂ ಹಿಂದಿನ ಕ್ರಾಸಿನ ಕಡೆ ಪ್ರತ್ಯೇಕ ಬಾಗಿಲು ಬೇಕು. ಅಲ್ಲಿ ಈಗಾಗಲೇ ಒಂದು ಸಣ್ಣ ಕಬ್ಬಿಣದ ಗೇಟಿದೆ. ನಮ್ಮ ಕಾಲದಲ್ಲಿ ನಾವೆಲ್ಲ ಅದರಿಂದಲೇ ಬರುತ್ತಿದ್ದೆವು. ಈಗ ಬೀಗ ತುಕ್ಕು ಹಿಡಿದಿದೆ. ಹೊಸ ನಕ್ಷೆಯಲ್ಲಿ ಸರಿಯಾಗಿ ಆ ಜಾಗದಲ್ಲಿ ಜನರೇಟರ್ ಕೋಣೆ ಬರೆದಿದ್ದಾರೆ. ಆ ಕೋಣೆಯನ್ನು ಬೇರೆ ಕಡೆಗೆ ಸರಿಸಿ ಗೇಟನ್ನು ಉಳಿಸಬೇಕೆಂದೂ, ಶಾಲೆ ನಡೆಯುವ ದಿನಗಳಲ್ಲಿ ಹದಿನೈದು ನಿಮಿಷದ ಲೆಕ್ಕದಲ್ಲಿ, ಕಾಲ್ನಡಿಗೆಯವರನ್ನೂ ಸೇರಿಸಿ ಮತ್ತೆ ಎಣಿಕೆ ಮಾಡಿಸಬೇಕೆಂದೂ ಆಡಳಿತ ಮಂಡಳಿಗೆ ಪತ್ರ ಬರೆದಿದ್ದೇನೆ. ಮುಂದಿನ ಸಭೆ ಬರುವ ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಶಾಲೆಯ ಸಭಾಂಗಣದಲ್ಲಿದೆ. ಹಳೆಯ ವಿದ್ಯಾರ್ಥಿಗಳೂ ಪೋಷಕರೂ ಹತ್ತು ನಿಮಿಷ ಮೊದಲೇ ಬಂದು ಪತ್ರ ಓದಿ, ಒಪ್ಪಿಗೆಯಾದರೆ ಸಹಿ ಹಾಕಬೇಕೆಂದು ಕೇಳಿಕೊಳ್ಳುತ್ತೇನೆ.